ಬಾಡಿಗೆ ಮನೆಗೆ ಇಷ್ಟು ಸಾಕು

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ, ಅದು ಮುಂಬಯಿಯ ಡೊಂಬಿವಲಿ ಇರಲಿ, ದೆಹಲಿಯ ರಾಮಕೃಷ್ಣಪುರಂ ಇರಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ. 'ಬಾಡಿಗೆ ಮನೆ ಅಲ್ವೇನ್ರೀ, ಇಷ್ಟು ಸಾಕು.' ಬಂದ ನೆಂಟರು ಫ್ಯಾನಿನ ಗಾಳಿ ಸಾಲದೆ ಪೇಪರು ಮಡಚಿ ಬೀಸಿಕೊಂಡರೆ ಈ ಮಾತು ಬರುತ್ತದೆ. ಕಿಟಕಿಗೆ ಹಳೆಯ ಸೀರೆ ಕಟ್ಟಿದ್ದನ್ನು ಯಾರಾದರೂ ಎರಡನೇ ಸಲ ತಿರುಗಿ ನೋಡಿದರೆ ಬರುತ್ತದೆ. ಅಡುಗೆಮನೆಯ ಹೊಗೆ ನಡುಮನೆಗೆ ನುಗ್ಗಿ ಎಲ್ಲರೂ ಕೆಮ್ಮತೊಡಗಿದಾಗಲೂ, ಕೆಮ್ಮಿನ ನಡುವೆಯೇ ಬರುತ್ತದೆ.

ಮೊದಲ ಸಲ ಕೇಳಿದವರಿಗೆ ಇದು ತೃಪ್ತಿಯ ಮಾತಿನಂತೆ ಕಾಣುತ್ತದೆ. ಆಡಂಬರ ಇಲ್ಲದ ಜನ, ಹಾಸಿಗೆ ಇದ್ದಷ್ಟು ಕಾಲು ಚಾಚುವವರು ಅಂತ ಮೆಚ್ಚಿಕೊಂಡು ಹೋಗುತ್ತಾರೆ. ಆದರೆ ಇನ್ನರ್ಧ ಗಂಟೆ ಕೂತರೆ ಅದೇ ಮನುಷ್ಯ ಊರಿನಲ್ಲಿ ಕಟ್ಟಿಸುತ್ತಿರುವ ಮನೆಯ ಫೋಟೋ ತೆಗೆದು ತೋರಿಸುತ್ತಾನೆ. ಅಲ್ಲಿ ಎಲ್ಲಿಯೂ 'ಸಾಕು' ಇಲ್ಲ. ಇಳಕಲ್ಲಿನ ಗ್ರಾನೈಟು, ಸಾಗುವಾನಿಯ ಬಾಗಿಲು, ಮೇಲೊಂದು ಮಹಡಿ, ಅದರ ಮೇಲೆ ನೀರಿನ ಟ್ಯಾಂಕು ಇಡಲಿಕ್ಕೆ ಒಂದು ಗೋಪುರ. ಯಾರು ಇರ್ತಾರೆ ಅಲ್ಲಿ ಅಂತ ಕೇಳಿದರೆ, 'ಈಗ ಬೀಗ ಹಾಕಿದೆ, ರಿಟೈರ್ ಆದ ಮೇಲೆ ಹೋಗ್ತೀವಿ' ಎನ್ನುತ್ತಾನೆ. ಅಂದರೆ 'ಇಷ್ಟು ಸಾಕು' ಎಂಬ ವಾಕ್ಯದಲ್ಲಿ ಅವನು ಒತ್ತಿ ಹೇಳುವುದು 'ಬಾಡಿಗೆ' ಎಂಬ ಪದವನ್ನು.

ನಾನು ಧಾರವಾಡದ ಕಡೆಯವನು. ಮುಂಬಯಿಯಲ್ಲಿ ಆರು ವರ್ಷ, ಉಳಿದದ್ದು ದೆಹಲಿಯಲ್ಲಿ ಅಂತ ಮೂವತ್ತು ವರ್ಷಕ್ಕೂ ಮಿಕ್ಕಿ ಹೊರಗಿದ್ದೇನೆ. ಏಳು ಬಾಡಿಗೆ ಮನೆ ಕಂಡಿದ್ದೇನೆ. ಈ ಏಳು ಮನೆಗಳಲ್ಲೂ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ನಮ್ಮದಲ್ಲದ ಮನೆಯನ್ನು ಹಸನು ಮಾಡಿಕೊಳ್ಳುವುದು ದುಂದೋ, ಅಥವಾ ಮಾಡಿಕೊಳ್ಳದೆ ಇರುವುದೇ ಒಂದು ಬಗೆಯ ತಪ್ಪೋ? ಊರಿನಲ್ಲಿ, ಅಜ್ಜ ಕಟ್ಟಿಸಿದ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಓದುವವರಿಗೆ ಇದೂ ಒಂದು ಪ್ರಶ್ನೆಯೇ ಅಂತ ಅನ್ನಿಸಬಹುದು. ಪರದೆ ಹಾಕಿಸಿಕೊಳ್ಳಿ ಅಥವಾ ಬಿಡಿ, ಅದರಲ್ಲಿ ಧರ್ಮಾಧರ್ಮದ ವಿಚಾರ ಏನು ಬಂತು? ಬರುತ್ತದೆ. ಯಾಕೆ ಅಂತ ಹೇಳುವ ಮೊದಲು ಆ 'ಇಷ್ಟು ಸಾಕು' ಎನ್ನುವವರ ಕಡೆಯ ನ್ಯಾಯವನ್ನೂ ಹೇಳಬೇಕು.

ಅವರ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಆ ಓಡಾಟ ತಪ್ಪಲಿ ಅಂತ ದೇಶದಲ್ಲೆಲ್ಲ ಹನ್ನೊಂದು ತಿಂಗಳ ಚೀಟಿ ಬರೆಯುವ ರೂಢಿ ಬಂತು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಹನ್ನೊಂದು ತಿಂಗಳಿನ 'ಲೀವ್ ಅಂಡ್ ಲೈಸೆನ್ಸ್' ಕರಾರನ್ನೂ ನೋಂದಾಯಿಸಬೇಕು. ಆದರೂ ರೂಢಿ ಹೋಗಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರುತ್ತದೆ, ಇಲ್ಲವೇ ಮಾಲೀಕನ ತಮ್ಮನ ಮಗನಿಗೆ ಮದುವೆ ನಿಶ್ಚಯವಾಗಿ ಮನೆ ಬೇಕಾಗುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತು ಬೇರೆ. ಇಂಥ ಮನೆಗೆ ದುಡ್ಡು ಸುರಿ ಅಂತ ಯಾರಿಗೆ ಹೇಳಲಾದೀತು? ಅದೂ ಊರಿನಲ್ಲಿ ತಂಗಿಯ ಮದುವೆ, ತಮ್ಮನ ಕಾಲೇಜು, ಅಪ್ಪನ ಕಣ್ಣಿನ ಆಪರೇಷನ್ನು ಅಂತ ಒಂದೊಂದು ರೂಪಾಯಿಗೂ ಒಂದೊಂದು ವಿಳಾಸ ಇರುವಾಗ.

ಮುಂಬಯಿಯಲ್ಲಿ ಉಡುಪಿ ಹೋಟೆಲುಗಳಲ್ಲಿ ದುಡಿಯಲು ಬಂದ ಹುಡುಗರ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿ, ಬಾಗಿಲು ಎಳೆದ ಮೇಲೆ ಹೋಟೆಲಿನ ಮೇಜುಗಳನ್ನೇ ಜೋಡಿಸಿಕೊಂಡು ಮಲಗಿದವರು. ಅವರಿಗೆ ಮನೆ ಅಂದರೆ ಒಂದು ಟ್ರಂಕು. ಅವರ ವಿಷಯದಲ್ಲಿ ಸಂಯಮ, ಸರಳತೆ ಎಂಬ ಪದಗಳನ್ನು ಬಳಸಲು ನನಗೆ ಮನಸ್ಸಾಗುವುದಿಲ್ಲ. ಅವರ ಮುಂದೆ ಬೇರೆ ದಾರಿ ಇರಲಿಲ್ಲ. ಸಂಯಮ ಅನ್ನಬೇಕಾದರೆ ಕೈಯಲ್ಲಿ ಇನ್ನೊಂದು ದಾರಿ ಇರಬೇಕು.

ಹಾಗಾಗಿ ನನ್ನ ತಕರಾರು ಇಲ್ಲದವರ ಮೇಲಲ್ಲ. ಇನ್ನೊಂದು ದಾರಿ ಕೈಗೆ ಬಂದ ಮೇಲೂ, ಹತ್ತು ವರ್ಷ ಒಂದೇ ಮನೆಯಲ್ಲಿದ್ದರೂ, 'ಬಾಡಿಗೆ ಮನೆ ತಾನೇ' ಎನ್ನುವವರ ಮೇಲೆ. ಹನ್ನೊಂದು, ಹನ್ನೊಂದು ಅಂತ ಸೇರಿಸುತ್ತ ಹೋಗಿ ಇಪ್ಪತ್ತು ವರ್ಷ ಆದವರನ್ನು ನೋಡಿದ್ದೇನೆ. ಆ ಇಪ್ಪತ್ತು ವರ್ಷವನ್ನು ಅವರು ಬದುಕಿನ ಲೆಕ್ಕಕ್ಕೆ ಬರೆದುಕೊಂಡೇ ಇಲ್ಲ. ಕೇಳಿದರೆ ವೈರಾಗ್ಯದ ಮಾತು ಬೇರೆ ಆಡುತ್ತಾರೆ. ನಮ್ಮ ಭಜನೆಯಲ್ಲಿ ಪುರಂದರದಾಸರ ಒಂದು ಪದ ಹಾಡುತ್ತಾರಲ್ಲ, ನಮ್ಮ ನಿಜವಾದ ಮನೆ ಇದಲ್ಲ ಎಂಬರ್ಥದ್ದು, ಅದನ್ನು ಒಬ್ಬರು ನನಗೆ ಸಮರ್ಥನೆಯಾಗಿ ಹೇಳಿದರು. ದಾಸರ ಲೆಕ್ಕದಲ್ಲಿ ಊರಿನ ಗ್ರಾನೈಟಿನ ಮನೆಯೂ ಬಾಡಿಗೆಯದೇ ಅಲ್ಲವೇ ಸ್ವಾಮಿ ಅಂದೆ. ನಕ್ಕು ಸುಮ್ಮನಾದರು.

ಇಷ್ಟಕ್ಕೂ ನಾನು ಹೇಳುತ್ತಿರುವ ಸುಖ ಏನು, ಎಷ್ಟು ದುಡ್ಡಿನದು? ದೆಹಲಿಯ ಬೇಸಗೆಯನ್ನೇ ತೆಗೆದುಕೊಳ್ಳಿ. ಮೇ, ಜೂನ್ ತಿಂಗಳಲ್ಲಿ ಉಷ್ಣತೆ ನಲವತ್ತು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ, ನಲವತ್ತೈದೂ ಆಗುತ್ತದೆ. ಹಗಲು ಬೀಸುವ 'ಲೂ' ಎಂಬ ಒಣಗಾಳಿ ಮುಖಕ್ಕೆ ಬಡಿದರೆ ಒಲೆಯ ಬಾಯಿಗೆ ಬಗ್ಗಿದ ಹಾಗೆ. ಹೊಸದಾಗಿ ಬಂದವರಿಗೆ ಕಡಿಮೆ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ಮಹಡಿ, ಅಥವಾ ಅದರ ಮೇಲಿನ 'ಬರಸಾತಿ', ಅಂದರೆ ತಾರಸಿಯ ಮೇಲೆ ಕಟ್ಟಿದ ಒಂದು ಕೋಣೆ. ಬಾಡಿಗೆ ಕಡಿಮೆ ಯಾಕೆ ಅನ್ನುವುದು ಏಪ್ರಿಲ್ ಕೊನೆಗೆ ತಿಳಿಯುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ಚಾವಣಿ ದಿನವಿಡೀ ಬಿಸಿಲು ಕುಡಿಯುತ್ತದೆ. ಆ ಕಾವು ನಿಧಾನಕ್ಕೆ ಕೆಳಗಿಳಿಯುತ್ತ ಸಂಜೆಯ ಹೊತ್ತಿಗೆ ಕೋಣೆಯ ಒಳಮೈಗೆ ಬರುತ್ತದೆ. ಹೊರಗೆ ಗಾಳಿ ತಣ್ಣಗಾದ ಮೇಲೂ, ರಾತ್ರಿ ಹತ್ತಕ್ಕೂ, ಮಂಚದ ಮೇಲೆ ನಿಂತು ಚಾವಣಿಯತ್ತ ಅಂಗೈ ಚಾಚಿದರೆ ರೊಟ್ಟಿ ಹಂಚಿನ ನೆನಪಾಗುತ್ತದೆ. ಅದರ ಕೆಳಗೇ ತಿರುಗುವ ಫ್ಯಾನು ಆ ಬಿಸಿಯನ್ನು ಇಳಿಸಿ ಮೈಮೇಲೆ ಹಾಕುತ್ತದೆ.

ನನ್ನ ಅವ್ವ ಒಂದು ಬೇಸಗೆ ನಮ್ಮಲ್ಲಿಗೆ ಬಂದಿದ್ದಳು. ಎರಡನೇ ದಿನವೇ ಕೇಳಿದಳು, 'ತಮ್ಮಾ, ಫ್ಯಾನ್ ಯಾಕ ಬಿಸಿ ಉಗಳಾಕ ಹತ್ತೇತಿ? ಈ ಮಾಳಿಗಿ ಮ್ಯಾಲೆ ಮಣ್ಣ ಹಾಕಿಲ್ಲೇನು?' ಎಂಜಿನಿಯರು ಕೇಳಬೇಕಾದ ಪ್ರಶ್ನೆ ಅದು. ನಮ್ಮ ಕಡೆ ಮಾಳಿಗೆ ಮನೆಗಳಿಗೆ ತೊಲೆ, ಜಂತಿ ಹಾಕಿ ಮೇಲೆ ದಪ್ಪನಾಗಿ ಮಣ್ಣು ಬಡಿಯುತ್ತಾರೆ. ಬಿಸಿಲು ಆ ಮಣ್ಣನ್ನು ದಾಟಿ ಬರುವುದರೊಳಗೆ ಸಂಜೆ ಆಗಿರುತ್ತದೆ, ಬೆಳಕಿಂಡಿಯಿಂದ ಬಿಸಿಗಾಳಿ ಹೊರಗೆ ಹೋಗಿರುತ್ತದೆ. ದೆಹಲಿಯ ಹಳೆಯ ಸರ್ಕಾರಿ ಕಟ್ಟಡಗಳಲ್ಲೂ ಚಾವಣಿಯ ಮೇಲೆ ಒಂದು ಗೇಣಿಗೆ ಕಡಿಮೆ ಮಣ್ಣು ಹರಡಿ, ಅದರ ಮೇಲೆ ಇಟ್ಟಿಗೆಯ ಬಿಲ್ಲೆ ಕೂಡಿಸುತ್ತಿದ್ದರು. ಮಡ್ ಫಸ್ಕಾ ಅಂತ ಅದರ ಹೆಸರು. ಬಾಡಿಗೆಗೆ ಅಂತಲೇ ಎಬ್ಬಿಸಿದ ಮಹಡಿಗಳಲ್ಲಿ ಅಂಥದ್ದನ್ನು ಯಾರು ಮಾಡುತ್ತಾರೆ?

ಮಣ್ಣು ಹಾಕಿಸಲಿಕ್ಕೆ ಬಾಡಿಗೆದಾರನಿಂದ ಆಗುವುದಿಲ್ಲ. ಸುಣ್ಣ ಬಳಿಯಬಹುದು. ತಾರಸಿ ಗುಡಿಸಿ, ನೀರು ಚಿಮುಕಿಸಿ, ಸುಣ್ಣಕ್ಕೆ ಹಿಡಿತ ಬರಲಿ ಅಂತ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಮೂರು ಕೈ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಕೋಣೆ ತಣ್ಣಗಾಗುತ್ತದೆ ಅಂತ ಸುಳ್ಳು ಹೇಳಲಾರೆ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ನಡುವಿನ ಅಂತರ ಎಷ್ಟೋ ಸಲ ಅಷ್ಟೇ. ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗುತ್ತದೆ, ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಬಳಿಯಬೇಕು. ಖರ್ಚು ಅಂದರೆ ಮನೆಯವರೆಲ್ಲ ಒಂದು ಸಲ ಹೊರಗೆ ಹೋಗಿ ಊಟ ಮಾಡಿದಷ್ಟು. ಈಗ ಇದು ಸರ್ಕಾರಗಳ ಕಿವಿಗೂ ಬಿದ್ದಿದೆ. 2010ರ ಬಿಸಿಗಾಳಿಯಲ್ಲಿ ಬಹಳ ಜನ ಸತ್ತ ಮೇಲೆ ಅಹಮದಾಬಾದು 2013ರಲ್ಲಿ ಬಿಸಿಲಿನಿಂದ ಜನರನ್ನು ಉಳಿಸುವ ಯೋಜನೆಯೊಂದನ್ನು ಮಾಡಿಕೊಂಡಿತು, ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸುವ ಕೆಲಸವೂ ಅದಕ್ಕೆ ಸೇರಿತು. ಹೈದರಾಬಾದಿನಲ್ಲಿರುವ ನಮ್ಮವರಿಗೆ ಗೊತ್ತಿರಬಹುದು, ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ.

ಕಿಟಕಿಯದೂ ಹೀಗೆಯೇ ಸಣ್ಣ ವಿಷಯ. ಪಡುವಣ ದಿಕ್ಕಿನ ಕಿಟಕಿಗೆ ಒಳಗಿನಿಂದ ಎಷ್ಟು ದಪ್ಪನೆಯ ಪರದೆ ಹಾಕಿದರೂ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಆ ಮೇಲೆ ಪರದೆಯೇ ಕಾಯುತ್ತದೆ. ತಡೆಯಬೇಕಾದದ್ದು ಹೊರಗೆ. ಅದಕ್ಕೇ ಉತ್ತರದವರು ಹೊರಗಿನಿಂದ 'ಚಿಕ್' ಇಳಿಬಿಡುತ್ತಾರೆ, ಬಿದಿರಿನ ಸೀಳುಗಳನ್ನು ನೂಲಿನಲ್ಲಿ ಹೆಣೆದು ಸುರುಳಿ ಸುತ್ತುವಂತೆ ಮಾಡಿದ ತಟ್ಟಿ. ಹಗಲು ಕಿಟಕಿ ಮುಚ್ಚಿ, ಕತ್ತಲಾದ ಮೇಲೆ ಎದುರುಬದರು ಕಿಟಕಿಗಳನ್ನು ತೆರೆದಿಡುವುದನ್ನು ರೂಢಿ ಮಾಡಿಕೊಂಡರೆ ಅದಕ್ಕೆ ದುಡ್ಡೇ ಬೇಡ. ನಮ್ಮವರಿಗೆ ಇದು ತಲೆಗೆ ಹೋಗಲು ಸಮಯ ಹಿಡಿಯುತ್ತದೆ. ಊರಿನಲ್ಲಿ ಸೆಕೆ ಅಂದರೆ ಕಿಟಕಿ ತೆಗೆಯುವುದು ತಾನೇ ಅಭ್ಯಾಸ.

ಇನ್ನು ಕೂಲರು. ಊರಿನ ಓದುಗರಲ್ಲಿ ಎಷ್ಟೋ ಜನ ಇದನ್ನು ನೋಡಿರಲಾರರು. ತಗಡಿನ ದೊಡ್ಡ ಪೆಟ್ಟಿಗೆ. ಮೂರು ಬದಿಗೆ ಮರದ ಹೆರೆತದ ಹುಲ್ಲು ತುಂಬಿದ ಜಾಲರಿ, ಕೆಳಗೆ ನೀರು, ಆ ನೀರನ್ನು ಮೇಲೆತ್ತಿ ಹುಲ್ಲಿನ ಮೇಲೆ ಸುರಿಸುವ ಒಂದು ಚಿಕ್ಕ ಪಂಪು, ಮುಂದೆ ಫ್ಯಾನು. ಒಣಗಾಳಿ ಒದ್ದೆ ಹುಲ್ಲನ್ನು ದಾಟುವಾಗ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಕಾವನ್ನು ಆ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಇದು ತಿನ್ನುವ ವಿದ್ಯುತ್ತು ಸುಮಾರಾಗಿ ಎರಡು ಮೂರು ಫ್ಯಾನಿನಷ್ಟು. ಹುಲ್ಲಿನ ಬದಲು 'ಖಸ್' ತುಂಬಿಸಿದರೆ ಮನೆಯೆಲ್ಲ ಪರಿಮಳ. ಖಸ್ ಅಂದರೆ ಬೇರೇನಲ್ಲ, ನಮ್ಮ ಲಾವಂಚ. ಉತ್ತರ ಕನ್ನಡದ ಕಡೆ ಅದರ ಬೇರಿನಿಂದ ಬೀಸಣಿಗೆ, ಟೋಪಿ ಮಾಡುತ್ತಾರೆ. ನಮ್ಮ ಪಕ್ಕದ ಬ್ಲಾಕಿನಲ್ಲಿದ್ದ ಕುಮಟೆ ಕಡೆಯ ಅಮ್ಮನೊಬ್ಬರು ಖಸ್ ಕೂಲರಿನ ಮುಂದೆ ಮೊದಲ ಸಲ ಕೂತಾಗ ಮಾತೇ ಆಡಲಿಲ್ಲ, ಎಷ್ಟೋ ಹೊತ್ತಿನ ಮೇಲೆ 'ನಮ್ಮ ಅಜ್ಜಿಯ ಪೆಟ್ಟಿಗೆ ತೆಗೆದ ಹಾಗಾಯ್ತು' ಅಂದರು.

ಒಂದು ಮಾತು ಮಾತ್ರ ನೆನಪಿಡಬೇಕು. ಕೂಲರು ಹಾಕಿದಾಗ ಎದುರಿನ ಕಿಟಕಿ ತೆರೆದಿರಬೇಕು. ಬಂದ ಗಾಳಿಗೆ ಹೋಗುವ ದಾರಿ ಇಲ್ಲದಿದ್ದರೆ ಕೋಣೆ ತೇವದಿಂದ ಅಂಟಂಟಾಗುತ್ತದೆ. ಜುಲೈನಲ್ಲಿ ಮಳೆ ಶುರುವಾದ ಮೇಲೆ ದೆಹಲಿಯಲ್ಲೂ ಅದು ಉಪಯೋಗಕ್ಕೆ ಬಾರದು. ಮುಂಬಯಿ, ಚೆನ್ನೈಗಳಲ್ಲಂತೂ ಗಾಳಿಯೇ ನೀರು ಕುಡಿದು ನಿಂತಿರುವುದರಿಂದ ಕೂಲರು ಕೊಂಡವರು ಪಶ್ಚಾತ್ತಾಪ ಪಡುತ್ತಾರೆ. ಅಲ್ಲಿಯ ಸುಖ ಬೇರೆ ಜಾತಿಯದು. ಮುಂಬಯಿಯಲ್ಲಿ ಒಣ ಮೂಲೆಯೊಂದು ಸಿಕ್ಕರೆ, ಕಾಲು ಚಾಚಲು ಜಾಗ ಸಿಕ್ಕರೆ ಅದೇ ವೈಭವ. ಚಾಳಿನ ಖೋಲಿಯಲ್ಲಿ ತಲೆಯ ಮೇಲಿನ ಎತ್ತರವನ್ನು ಅರ್ಧಕ್ಕೆ ಕತ್ತರಿಸಿ 'ಪೋಟಮಾಳಾ' ಮಾಡಿ ಅದರ ಮೇಲೆ ಒಬ್ಬರು ಮಲಗಿ, ಕೆಳಗೆ ನಾಲ್ಕು ಜನ ಮಲಗುತ್ತಾರೆ. ಮೂಲೆಯ ಸ್ನಾನದ, ಪಾತ್ರೆ ತೊಳೆಯುವ ಜಾಗಕ್ಕೆ ಅಲ್ಲಿ 'ಮೋರಿ' ಎನ್ನುತ್ತಾರೆ. ಮೈಸೂರಿನಿಂದ ಹೊಸದಾಗಿ ಬಂದ ಸೊಸೆಗೆ 'ಮೋರಿಯಲ್ಲಿ ಸ್ನಾನ ಮಾಡು' ಅಂತ ಹೇಳಿ ಅವಳನ್ನು ಅಳಿಸಿದ ಕಥೆ ಮಾಟುಂಗಾದ ಕಡೆ ಪ್ರತಿ ಮನೆಯಲ್ಲೂ ಒಂದು ಇರುತ್ತದೆ.

ಇವೆಲ್ಲ ತೀರ ಅಗ್ಗದ ಸಂಗತಿಗಳು. ಸುಣ್ಣ, ಬಿದಿರು, ಹುಲ್ಲು, ಮಡಕೆ. ಹಾಗಾದರೆ 'ಇಷ್ಟು ಸಾಕು' ಎನ್ನುವವರು ಇಷ್ಟನ್ನೂ ಯಾಕೆ ಮಾಡಿಕೊಳ್ಳುವುದಿಲ್ಲ? ದುಡ್ಡು ಕಾರಣ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ. ನನಗೆ ಕಾಣುವುದೇನೆಂದರೆ, ಇಲ್ಲಿ ಒಂದು ಮೊಳೆ ಹೊಡೆದರೂ ಊರಿನ ಮೇಲಿನ ನಿಷ್ಠೆ ಸಡಿಲವಾಯಿತು ಎಂಬ ಒಂದು ಒಳಗಿನ ಅಂಜಿಕೆ ಇದೆ. ಇಲ್ಲಿ ಸುಖವಾಗಿ ಕೂತರೆ ಊರಿಗೆ ಹೋಗುವುದು ಮುಂದಕ್ಕೆ ಹೋಗುತ್ತದೆ ಎಂಬ ಭಯ. ಕಷ್ಟಪಡುತ್ತಿದ್ದರೆ ಮಾತ್ರ ತಾನು ಪರವೂರಿನವ, ವಾಪಸು ಹೋಗುವವ ಅಂತ ತನಗೆ ತಾನೇ ಖಾತ್ರಿ ಮಾಡಿಕೊಂಡ ಹಾಗೆ. ಈ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರನ್ನು ಪ್ರೀತಿಸುವುದಕ್ಕೆ ಅದೂ ಒಂದು ದಾರಿಯೇ. ಆದರೆ ಆ ಪ್ರೀತಿಯ ಖರ್ಚನ್ನು ಯಾರು ಭರಿಸುತ್ತಾರೆ ಅಂತ ನೋಡಬೇಕು.

ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಆಫೀಸಿನ ಕೂಲರಿನ ಕೆಳಗೆ, ಈಗಂತೂ ಏಸಿಯ ಕೆಳಗೆ, ಕೂತು ಸಂಜೆ ಏಳಕ್ಕೆ ಬರುವವನಿಗೆ ಆ ಮನೆಯ ಸೆಕೆ ಎಷ್ಟು ಹೊತ್ತಿನದು? ಹಗಲಿಡೀ ಅದರಲ್ಲಿ ಇರುವವಳು ಮನೆಯಾಕೆ, ಇರುವವರು ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ, ರಜೆಯಲ್ಲಿ ಮಕ್ಕಳು. 'ಸಾಕು' ಎಂಬ ತೀರ್ಪು ಕೊಡುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಅಡುಗೆಮನೆಯಲ್ಲಿ ಇದು ಇನ್ನೂ ಸ್ಪಷ್ಟ. ದೆಹಲಿಯ ಎಷ್ಟೋ ಬಾಡಿಗೆ ಮನೆಗಳ ಅಡುಗೆಮನೆಗೆ ಕಿಟಕಿ ಇರುವುದಿಲ್ಲ, ಗೋಡೆಯ ಮೇಲ್ತುದಿಗೆ ಒಂದು ತೂತು ಇರುತ್ತದೆ. ದೀಪ ಬೆನ್ನ ಹಿಂದೆ ಇರುವುದರಿಂದ ಈಳಿಗೆಯ ಮೇಲೆ ತನ್ನ ನೆರಳೇ ಬೀಳುತ್ತದೆ. ಕಟ್ಟೆ ಯಾರದೋ ಎತ್ತರಕ್ಕೆ ಕಟ್ಟಿದ್ದು, ಕುಳ್ಳಗಿರುವವಳು ಹೆಗಲೆತ್ತಿಯೇ ರೊಟ್ಟಿ ತಟ್ಟಬೇಕು. ನಿಲ್ಲಲಿಕ್ಕೆ ಒಂದು ಮಣೆ, ಕಟ್ಟೆಯ ಮೇಲ್ಭಾಗಕ್ಕೊಂದು ದೀಪ, ಆ ತೂತಿಗೊಂದು ಹೊಗೆ ಎಳೆಯುವ ಫ್ಯಾನು. ಫ್ಯಾನು ಹಾಕಿದಾಗ ಇನ್ನೊಂದು ಕೋಣೆಯ ಕಿಟಕಿ ಸ್ವಲ್ಪ ತೆರೆದಿದ್ದರೆ ಹೊಸ ಗಾಳಿ ಬಂದು ಹೊಗೆ ನಿಜವಾಗಿ ಹೋಗುತ್ತದೆ. ಇಷ್ಟೇ.

ಹಾವೇರಿ ಕಡೆಯ ಒಂದು ಕುಟುಂಬ ನಮಗೆ ಬಹಳ ಬೇಕಾದವರು. ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು, ಒಳ್ಳೆಯ ಮನುಷ್ಯ, ಯಾರಿಗೆ ಕಷ್ಟ ಅಂದರೂ ಮೊದಲು ಓಡುವವರು. ಕ್ವಾರ್ಟರ್ಸಿಗೆ ಅರ್ಜಿ ಹಾಕಲಿಲ್ಲ, ಆಫೀಸಿಗೆ ಹತ್ತಿರ ಅಂತ ಒಂದೇ ಬಾಡಿಗೆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಆ ಅಡುಗೆಮನೆಗೆ ಫ್ಯಾನು ಬರಲೇ ಇಲ್ಲ. ಪ್ರತಿ ದೀಪಾವಳಿಗೂ ಮಾತು ಬರುತ್ತಿತ್ತು, ಊರಿನ ಮನೆಗೆ ಕಿಟಕಿ ಕೂಡಿಸುವುದು ಬಾಕಿ ಇದೆ ಅಂತ ಮುಂದಕ್ಕೆ ಹೋಗುತ್ತಿತ್ತು. ನಿವೃತ್ತಿಯಾಗಿ ಊರಿಗೆ ಹೋದರು. ಎರಡು ವರ್ಷದ ಮೇಲೆ ನಾನು ಆ ಕಡೆ ಹೋದಾಗ ಅವರಲ್ಲಿ ಇಳಿದುಕೊಂಡೆ. ಮನೆ ನಿಜವಾಗಿಯೂ ಚೆಂದ. ಅಡುಗೆಮನೆಗೆ ಎರಡು ದೊಡ್ಡ ಕಿಟಕಿ, ಹಿತ್ತಲಿನ ಬೇವಿನ ಮರ ಒಳಗೇ ಬಂದ ಹಾಗಿತ್ತು. ಆದರೆ ಅಕ್ಕನವರಿಗೆ ಹೆಚ್ಚು ಹೊತ್ತು ಒಲೆಯ ಮುಂದೆ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಉಸಿರು ಕಟ್ಟುತ್ತಿತ್ತು. ಕೆಲಸದ ಹುಡುಗಿ ರೊಟ್ಟಿ ಮಾಡುತ್ತಿದ್ದಳು, ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಊಟ ಆದ ಮೇಲೆ ಯಜಮಾನರು, 'ಅಂತೂ ನಮ್ಮ ಮನೀಗೆ ಬಂದ್ವಿ ನೋಡ್ರಿ' ಅಂದರು. ಅಕ್ಕ ಎಲೆ ಅಡಿಕೆಯ ತಟ್ಟೆ ಮುಂದೆ ಇಡುತ್ತ, ಸಿಟ್ಟಿಲ್ಲದೆ, ಹವಾಮಾನದ ಮಾತು ಆಡುವ ಹಾಗೆ ಕೇಳಿದರು: 'ಹಂಗಾದ್ರ ಇಪ್ಪತ್ತೆರಡು ವರ್ಷ ನಾ ಇದ್ದದ್ದು ಯಾರ ಮನಿಯಾಗ್ರಿ?'

ಉಸಿರಿನ ತೊಂದರೆಗೆ ಆ ಹೊಗೆಯೇ ಕಾರಣ ಅಂತ ನಾನು ಹೇಳುವಷ್ಟು ವೈದ್ಯಕೀಯ ತಿಳಿದವನಲ್ಲ, ಅವರೂ ಹಾಗೆ ಹೇಳಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಶ್ನೆ. ಮನೆ ಯಾರದು ಎಂಬುದನ್ನು ನಾವು ರಿಜಿಸ್ಟ್ರಾರ್ ಆಫೀಸಿನ ಕಾಗದದಿಂದ ತೀರ್ಮಾನಿಸುತ್ತೇವೆ. ಅಕ್ಕನವರ ಮಾತಿನಲ್ಲಿ ಬೇರೆ ಲೆಕ್ಕ ಇತ್ತು. ಯಾರ ಬದುಕಿನ ಹಗಲು ಎಲ್ಲಿ ಕಳೆಯುತ್ತದೋ ಅದು ಅವರ ಮನೆ. ಹಾಗೆ ನೋಡಿದರೆ ಬಾಡಿಗೆ ಮನೆಗೆ ಮಾಡುವ ಖರ್ಚು ಮಾಲೀಕನ ಗೋಡೆಗೆ ಹೋಗುವುದಿಲ್ಲ, ನಮ್ಮ ಜತೆ ಇರುವವರಿಗೆ ಹೋಗುತ್ತದೆ. ತನ್ನ ಪಾಲಿನ ಸುಖವನ್ನು ಬಿಟ್ಟುಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಇನ್ನೊಬ್ಬರ ಪಾಲಿನದನ್ನು, ಅವರನ್ನು ಕೇಳದೆ, ಸರಳತೆಯ ಹೆಸರಿನಲ್ಲಿ ಬಿಟ್ಟುಕೊಡುವ ಹಕ್ಕು ಎಲ್ಲಿಂದ ಬಂತು?

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮನೆಯವರ ಸುಖ ಎಂದು ಹೊರಟರೆ ಅದು ಎಲ್ಲಿ ನಿಲ್ಲಬೇಕು? ಏಸಿ ಎನ್ನುವುದು ಒಳಗಿನ ಕಾವನ್ನು ಎತ್ತಿ ಹೊರಗೆ ಹಾಕುವ ಯಂತ್ರ, ತಾನು ತಿಂದ ವಿದ್ಯುತ್ತಿನ ಕಾವನ್ನೂ ಸೇರಿಸಿ ಹಾಕುತ್ತದೆ. ಕೈ ಚಾಚಿದರೆ ಎದುರುಮನೆಯ ಗೋಡೆ ಸಿಗುವ ಇಲ್ಲಿಯ ಗಲ್ಲಿಗಳಲ್ಲಿ ಒಬ್ಬರ ಏಸಿಯ ಬೆನ್ನು ಇನ್ನೊಬ್ಬರ ಅಡುಗೆಮನೆಯ ಕಿಟಕಿಗೆ ತಿರುಗಿರುತ್ತದೆ. ನಾಲ್ಕನೇ ಮನೆಯವರಿಗೂ ಏಸಿ ಬಂದ ಮೇಲೆ, ಇಲ್ಲದ ಐದನೆಯವರು ಎಲ್ಲರ ಸೆಕೆಯನ್ನೂ ಉಣ್ಣುತ್ತಾರೆ. ಸಾಮಾನ್ಯವಾಗಿ ಆ ಐದನೆಯವರು ಮೇಲಿನ ಮಹಡಿಯ ಹೊಸ ಬಾಡಿಗೆದಾರರೇ. ಏಸಿ ಹಾಕಿಸಬಾರದು ಅಂತ ನಾನು ಹೇಳುತ್ತಿಲ್ಲ. ಹೃದಯದ ಕಾಯಿಲೆಯ ಮುದುಕರಿರುವ ಮನೆಯಲ್ಲಿ, ಜುಲೈ ತಿಂಗಳ ಬೆವರು ಆರದ ರಾತ್ರಿಯಲ್ಲಿ, ಅದು ಔಷಧದ ಹಾಗೆ. ಹೊರಗಿನ ಪೆಟ್ಟಿಗೆಯನ್ನು ತಾರಸಿಯ ಮೇಲೆ ಇಡಲು ನಾಲ್ಕು ಮೀಟರು ಪೈಪು ಹೆಚ್ಚು ಬೇಕಾಗುತ್ತದೆ, ಆ ನಾಲ್ಕು ಮೀಟರನ್ನು ಉಳಿಸುವವರ ಬಗ್ಗೆ ಮಾತ್ರ ನನಗೆ ಸಿಟ್ಟು.

ಕೂಲರೂ ಪೂರ್ತಿ ಸಾಧು ಅಲ್ಲ. ದೊಡ್ಡದು ದಿನಕ್ಕೆ ಹತ್ತಾರು ಲೀಟರು ನೀರು ಕುಡಿಯುತ್ತದೆ. ಬೇಸಗೆಯಲ್ಲಿ ಟ್ಯಾಂಕರಿಗೆ ಸರದಿ ನಿಲ್ಲುವ ಬಡಾವಣೆಗಳು ದೆಹಲಿಯಲ್ಲಿ ಎಷ್ಟೋ ಇವೆ. ಅಲ್ಲಿ ಕೂಲರಿನ ನೀರು ಯಾರ ಕೊಡದಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಮತ್ತೆ ಸೊಳ್ಳೆ. 1996ರಲ್ಲಿ ದೆಹಲಿಯಲ್ಲಿ ಡೆಂಗೆ ಹರಡಿ ನೂರಾರು ಜನ ಸತ್ತರು. ಆ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ನಗರಪಾಲಿಕೆಯವರು ಮನೆ ಮನೆಗೆ ಬಂದು ಕೂಲರಿನೊಳಗೆ ಟಾರ್ಚು ಬಿಟ್ಟು ನೋಡುತ್ತಾರೆ, ಮರಿಗಳು ಕಂಡರೆ ಚಲನ್ ಹರಿಯುತ್ತಾರೆ. ವಾರಕ್ಕೊಮ್ಮೆ ನೀರು ಪೂರ್ತಿ ಖಾಲಿ ಮಾಡಿ, ತಳ ತಿಕ್ಕಿ, ಒಣಗಿಸಿ ಮತ್ತೆ ತುಂಬಬೇಕು. ರವಿವಾರದ ಅರ್ಧ ಗಂಟೆಯ ಕೆಲಸ. ಅಗ್ಗದ ಸುಖಕ್ಕೆ ದುಡ್ಡು ಕಡಿಮೆ ಬೇಕು, ಮೈಗೆಲಸ ಹೆಚ್ಚು ಬೇಕು. ಆ ಕೆಲಸವನ್ನೂ ಮತ್ತೆ ಮನೆಯಾಕೆಯ ತಲೆಗೇ ಕಟ್ಟುವುದಾದರೆ ನಾನು ಈವರೆಗೆ ಬರೆದದ್ದೆಲ್ಲ ದಂಡ.

ಸುಣ್ಣದ ತಾರಸಿ, ಬಿದಿರಿನ ತಟ್ಟಿ, ರಾತ್ರಿ ತೆರೆದ ಕಿಟಕಿ, ಇವುಗಳ ಗುಣ ಏನೆಂದರೆ ಇವು ನಮ್ಮ ಸೆಕೆಯನ್ನು ಪಕ್ಕದವರ ಮೇಲೆ ತಳ್ಳುವುದಿಲ್ಲ. ಮೇಲಿನ ಮಹಡಿಯವನು ಸುಣ್ಣ ಬಳಿದರೆ ಕೆಳಗಿನವನಿಗೂ ಒಂದಿಷ್ಟು ತಂಪು. ಅದಕ್ಕೇ ನನಗೆ ಇವುಗಳ ಮೇಲೆ ಸ್ವಲ್ಪ ಪಕ್ಷಪಾತ.

ಕೊನೆಗೆ ಮನೆ ಬಿಡುವ ವಿಷಯ. 'ನಾವು ಮಾಡಿಸಿದ್ದನ್ನು ಮಾಲೀಕ ಅನುಭವಿಸಬೇಕೇ?' ಎನ್ನುವುದು 'ಇಷ್ಟು ಸಾಕು' ಬಳಗದವರ ಕೊನೆಯ ಬಾಣ. ಕೆಲವರು ಬಿಡುವಾಗ ತಾವು ಹಾಕಿಸಿದ ಬಲ್ಬಿನ ಹೋಲ್ಡರನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಪರದೆಯ ಸರಳು ತೆಗೆದು ಗೋಡೆಯಲ್ಲಿ ಎರಡು ತೂತು ಬಿಟ್ಟು ಹೋಗುತ್ತಾರೆ. ಹೋದ ಹೊಸ ಊರಿನ ಕಿಟಕಿಗೆ ಆ ಸರಳು ಅರ್ಧ ಅಡಿ ಗಿಡ್ಡ ಆಗುತ್ತದೆ, ಅಟ್ಟ ಸೇರುತ್ತದೆ. ಮಾಲೀಕನಿಗಂತೂ ಮನೆ ಹೇಗಿದ್ದರೂ ಬಾಡಿಗೆ ಬರುತ್ತದೆ, ಅವನು ಆ ಮನೆಯಲ್ಲಿ ಮಲಗುವವನಲ್ಲ. ಅಲ್ಲಿ ಮಲಗುವವನು ಮುಂದಿನ ಬಾಡಿಗೆದಾರ. ಅವನ ಮುಖ ನಾವು ನೋಡಿರುವುದಿಲ್ಲ. ಬಿಹಾರದವನೋ, ಕೇರಳದವನೋ, ನಮ್ಮ ಗದಗಿನವನೇ ಇರಬಹುದು. ಟ್ರಂಕು ಇಳಿಸಿ, ಏಪ್ರಿಲ್ ಮೂರನೇ ವಾರದ ಮಧ್ಯಾಹ್ನ ಚಾವಣಿ ನೋಡುತ್ತ ಕೂತಿರುತ್ತಾನೆ.

ನಮ್ಮ ಐದನೆಯ ಮನೆ ಬಿಡುವಾಗ ಪಡುವಣ ಕಿಟಕಿಯ ಚಿಕ್ಕನ್ನು ಬಿಚ್ಚಬೇಕೋ ಬೇಡವೋ ಅಂತ ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. 'ಬಿಡ್ರೀ ಅತ್ಲಾಗ, ಹೊಸ ಮನಿ ಕಿಟಕಿ ಮೂಡಣಕ್ಕ ಐತಿ' ಅಂದಳು. ನೂಲು ಎರಡು ಕಡೆ ಸವೆದಿತ್ತು. ಹೊಸ ಹುರಿ ತಂದು ಕಟ್ಟಿ, ಅದನ್ನು ಮೇಲೆತ್ತುವಾಗ ಎಡಗಡೆಯದನ್ನು ಮೊದಲು ಎಳೆಯಬೇಕು ಅಂತ ಒಂದು ಚೀಟಿ ಬರೆದು ಕಿಟಕಿಗೆ ಅಂಟಿಸಿ ಬಂದೆವು. ಮುಂದೆ ಬರುವವರಿಗೆ ಕನ್ನಡ ಬರುತ್ತದೋ ಇಲ್ಲವೋ ಅಂತ ಹಿಂದಿಯಲ್ಲಿ ಬರೆದೆ.